ಬಿರುಬೇಸಿಗೆಯಲ್ಲಿ ಬಂಡೀಪುರ: ಆನೆಯ ನೀರಿಗೆ ಅಡ್ಡ ನಿಲ್ಲದೆ ಕಾಡು ನೋಡುವುದು ಹೇಗೆ

ಏಪ್ರಿಲ್ ತಿಂಗಳ ಒಂದು ಸಂಜೆ. ಬಂಡೀಪುರದ ಒಳಗೆ ಒಂದು ಸಣ್ಣ ಕೆರೆ. ಕೆರೆ ಅನ್ನುವುದಕ್ಕಿಂತ ಕೆಸರಿನ ನಡುವೆ ಉಳಿದ ಒಂದಿಷ್ಟು ನೀರು ಅನ್ನಬೇಕು. ದಡದ ಮಣ್ಣು ಒಡೆದು ಹಪ್ಪಳದ ಹಾಗೆ ಎದ್ದಿತ್ತು. ನಮ್ಮ ಜೀಪು, ಪಕ್ಕದಲ್ಲಿ ಇನ್ನೊಂದು ಜೀಪು, ಎದುರಿಗೆ ಒಂದು ಬಸ್ಸು. ಆಚೆ ದಡದ ಲಂಟಾನ ಪೊದೆಗಳ ಹಿಂದೆ ಬೂದು ಬೆನ್ನುಗಳು ಕಾಣುತ್ತಿದ್ದವು. ಆರೋ ಏಳೋ ಆನೆ, ನಡುವೆ ಒಂದು ಮರಿ.

ದೊಡ್ಡ ಹೆಣ್ಣಾನೆ ಎರಡು ಹೆಜ್ಜೆ ಮುಂದೆ ಬಂದು ಸೊಂಡಿಲೆತ್ತಿ ಗಾಳಿ ಮೂಸಿತು. ಬಸ್ಸಿನಿಂದ ಯಾರೋ "ಬಂತು, ಬಂತು" ಎಂದು ಕೂಗಿದರು. ಆನೆ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಒಂದು ಜೀಪು, ಚೆನ್ನಾಗಿ ಕಾಣಲಿ ಅಂತ, ಹತ್ತಡಿ ಮುಂದೆ ಸರಿಯಿತು. ಆನೆ ಮತ್ತೆ ಹಿಂದೆ. ಹೀಗೇ ಇಪ್ಪತ್ತು ನಿಮಿಷ. ಕೊನೆಗೆ ನೀರು ಮುಟ್ಟದೆ ಇಡೀ ಹಿಂಡು ಮರಗಳ ಸಂದಿಯಲ್ಲಿ ಮರೆಯಾಯಿತು. "ಆನೆ ಸಿಕ್ತಲ್ಲ" ಅಂತ ಎಲ್ಲರೂ ಖುಷಿಯಾಗಿ ಹೊರಟೆವು. ನಾನೂ.

ನಾವು ನೋಡಿದ್ದು ಏನು ಅಂತ ಹೊಳೆದದ್ದು ರಾತ್ರಿ, ಮನೆಯಲ್ಲಿ ಕೂತು ಫೋಟೊ ನೋಡುವಾಗ. ಹದಿನೆಂಟು ಫೋಟೊ ಇದ್ದವು. ಒಂದರಲ್ಲೂ ಆನೆ ನೀರು ಕುಡಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಪ್ರಾಣಿಗಳು ಸುಲಭವಾಗಿ ಕಾಣುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಎಲೆ ಉದುರಿರುತ್ತದೆ, ಹುಲ್ಲು ಒಣಗಿರುತ್ತದೆ, ನೀರು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಉಳಿದಿರುತ್ತದೆ. ಅವಕ್ಕೆ ಹೋಗಲು ಬೇರೆ ಜಾಗ ಇಲ್ಲ, ಅದಕ್ಕೇ ನಮಗೆ ಕಾಣುತ್ತವೆ. ಇದೊಂದು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಮಾತುಗಳನ್ನು ನಾನು ಹೇಳಬೇಕಾಗಿಯೇ ಇಲ್ಲ. ಆದರೂ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ, ಯಾಕೆಂದರೆ ಬಿಸಿಲು ನಮ್ಮ ತಲೆಯನ್ನೂ ಕೆಡಿಸುತ್ತದೆ. ಬರೆಯುತ್ತಿರುವುದು ಬಂಡೀಪುರದ ಲೆಕ್ಕದಲ್ಲಿ. ನಾಗರಹೊಳೆಗೂ ಬಿಳಿಗಿರಿರಂಗನ ಬೆಟ್ಟಕ್ಕೂ ಹೆಚ್ಚುಕಮ್ಮಿ ಇದೇ ಸಾಕು.

ಹೆಜ್ಜೆ 1: ಕಾಡು ತೆರೆದಿದೆಯಾ ಅಂತ ಮೊದಲು ಕೇಳಿ

ರೂಮು ಬುಕ್ ಮಾಡಿ, ರಜೆ ಹಾಕಿ, ಆಮೇಲೆ ಸಫಾರಿ ಇಲ್ಲ ಅಂತ ಗೊತ್ತಾದವರು ಬಹಳ ಜನ. ದೊಡ್ಡ ಬೆಂಕಿ ಬಿದ್ದರೆ ಸಫಾರಿ ನಿಲ್ಲಿಸುತ್ತಾರೆ. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಿದ್ದರು, ಸಫಾರಿಯ ಸಿಬ್ಬಂದಿಯೂ ಹುಲಿ ಹುಡುಕುವ ಕೆಲಸಕ್ಕೆ ಬೇಕಾಗಿತ್ತು. ಹಾಗಾಗಿ ಹೊರಡುವ ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ. ಸಫಾರಿ ಹೊರಡುವ ಹೊತ್ತು ಕೂಡ ಋತುವಿಗೆ ತಕ್ಕಂತೆ ಅತ್ತಿತ್ತ ಆಗುತ್ತದೆ. ಬಂಡೀಪುರದ ಅರಣ್ಯ ಇಲಾಖೆಯ ಸಫಾರಿ ಕೌಂಟರ್ ಈಗ ಇರುವುದು ಮೇಲುಕಾಮನಹಳ್ಳಿಯಲ್ಲಿ, ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗುವ ದಾರಿಯಲ್ಲಿ. ಹಳೇ ನೆನಪಿನಲ್ಲಿ ಬಂಡೀಪುರ ಕ್ಯಾಂಪಸ್‌ವರೆಗೆ ಹೋಗಿ ವಾಪಸ್ ಬರುವವರು ಇನ್ನೂ ಇದ್ದಾರೆ.

ಚಾರಣದ ಆಸೆ ಇದ್ದವರು ಬೇಸಿಗೆಯಲ್ಲಿ ಅದನ್ನು ಮಡಚಿ ಒಳಗಿಡಿ. ಬೆಂಕಿಯ ಭಯಕ್ಕೆ ಈ ತಿಂಗಳುಗಳಲ್ಲಿ ಬಹಳಷ್ಟು ಚಾರಣದ ದಾರಿಗಳನ್ನು ಮುಚ್ಚಿರುತ್ತಾರೆ. ಯಾವುದು ತೆರೆದಿದೆ ಅನ್ನುವುದು ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಗೊತ್ತಾಗುತ್ತದೆ. ರೀಲ್ಸ್‌ನಲ್ಲಿ ನೋಡಿದ "ಯಾರಿಗೂ ಗೊತ್ತಿಲ್ಲದ ಜಾಗ"ಕ್ಕೆ ಊರಿನ ಹುಡುಗನೊಬ್ಬನನ್ನು ಕರೆದುಕೊಂಡು ಹೋಗುವುದು ಬೇಡ. ಸಿಕ್ಕಿಬಿದ್ದರೆ ನೀವು ದಂಡ ಕಟ್ಟಿ ಮನೆಗೆ ಹೋಗುತ್ತೀರಿ. ಅವನು ಅಲ್ಲೇ ಬದುಕಬೇಕು.

ಇನ್ನು ಯಾವ ವಾರ ಹೋಗುವುದು? ಮಾರ್ಚ್‌ನಲ್ಲಿ ಮುತ್ತುಗದ ಹೂವು ಕಾಡಿಗೆ ಕಾಡೇ ಕೆಂಪು ಮಾಡಿರುತ್ತದೆ. ಏಪ್ರಿಲ್ ಮೇನಲ್ಲಿ ಕಕ್ಕೆ ಮರ ಹಳದಿ ಗೊಂಚಲು ಬಿಟ್ಟಿರುತ್ತದೆ. ಅಶ್ವಿನಿ, ಭರಣಿ ಮಳೆ ಎರಡು ಸಲ ಚೆನ್ನಾಗಿ ಹೊಡೆದರೆ ಕಾಡಿನ ಚಿತ್ರವೇ ಬದಲು. ಸಣ್ಣಪುಟ್ಟ ಗುಂಡಿಗಳಲ್ಲೆಲ್ಲ ನೀರು ನಿಲ್ಲುತ್ತದೆ, ಎಳೆ ಹುಲ್ಲು ಚಿಗುರುತ್ತದೆ, ಪ್ರಾಣಿಗಳು ಚದುರಿಹೋಗುತ್ತವೆ. ಆಗ ಹೋದವರು "ಏನೂ ಕಾಣಲಿಲ್ಲ" ಅಂತ ಗೊಣಗುತ್ತಾರೆ. ನನಗೆ ಇಷ್ಟವಾಗುವುದು ಅದೇ ವಾರ. ಮಳೆ ಬಿದ್ದ ಮಣ್ಣಿನ ವಾಸನೆ, ತಂಪು, ಜನವೂ ಕಮ್ಮಿ. ಬಿಸಿಲು ತಡೆಯದವರು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆ ಮಳೆಗೆ ಕಾಯುವುದೇ ಒಳ್ಳೆಯದು.

ಯುಗಾದಿ ರಜೆ, ಮೇ ತಿಂಗಳ ಶನಿವಾರ ಭಾನುವಾರ ಬಿಟ್ಟುಬಿಡಿ. ನೀರು ಕಮ್ಮಿ ಇರುವ ತಿಂಗಳಲ್ಲೇ ವಾಹನ ಜಾಸ್ತಿ ಆದರೆ ಮೊದಲು ಹೇಳಿದ ಆನೆಗಳ ಕತೆಯೇ ಮತ್ತೆ.

ಹೆಜ್ಜೆ 2: ಬೆಳಗಿನ ಸುತ್ತೋ ಸಂಜೆಯದೋ

ಮಕ್ಕಳು, ಬಿಪಿ ಶುಗರ್ ಇರುವವರು, ಗರ್ಭಿಣಿಯರು ಜೊತೆಗಿದ್ದರೆ ಯೋಚಿಸಬೇಡಿ, ಬೆಳಗಿನದೇ. ಸಂಜೆ ಸುತ್ತಿನ ಮೊದಲ ಒಂದು ಗಂಟೆ ಬಿಸಿಲು ನೆತ್ತಿ ಸುಡುತ್ತದೆ. ಒಣ ಕಾಡಿನಲ್ಲಿ ನೆರಳು ಅಂದರೆ ಕೊಂಬೆಗಳ ಗೆರೆ ಅಷ್ಟೇ. ತೇಗ, ಮತ್ತಿ, ದಿಂಡಿಗ ಎಲ್ಲ ಬರಿದಾಗಿ ನಿಂತಿರುತ್ತವೆ. ಸಂಜೆ ಪ್ರಾಣಿಗಳು ನೀರಿಗೆ ಬರುವುದನ್ನು ನೋಡಬಹುದು ನಿಜ, ಆದರೆ ಅದಕ್ಕೆ ಮೈ ಗಟ್ಟಿ ಇರಬೇಕು, ತಾಳ್ಮೆಯೂ ಬೇಕು.

ಒಂದೇ ದಿನ ಎರಡೂ ಸುತ್ತು ಬೇಡ. ದುಡ್ಡು ಕೊಟ್ಟು ಬಂದಿದ್ದೇವೆ ಅಂತ ಎರಡನ್ನೂ ಮಾಡುವವರನ್ನು ನೋಡಿದ್ದೇನೆ. ಎರಡನೇ ಸುತ್ತಿನಲ್ಲಿ ಅರ್ಧ ಜನ ನಿದ್ದೆ, ಉಳಿದರ್ಧ ಜಗಳ.

ಹೆಜ್ಜೆ 3: ಚೀಲಕ್ಕೆ ಏನು ಹಾಕಬೇಕು

ತಲೆಗೆ ಒಂದರಂತೆ ಒಂದು ಲೀಟರಿನ ಸ್ಟೀಲ್ ಬಾಟಲಿ. ಪ್ಲಾಸ್ಟಿಕ್ ಬಾಟಲಿ ಬೇಡ. ಕಾಡಿನ ರಸ್ತೆಯಲ್ಲಿ ಗಾಳಿಗೆ ಹಾರಿಹೋದ ಮುಚ್ಚಳವನ್ನು ಇಳಿದು ಹೆಕ್ಕಲು ಆಗುವುದಿಲ್ಲ. ಓಆರ್‌ಎಸ್ ಪೊಟ್ಟಣ ಎರಡು. ತೆಳ್ಳನೆಯ ಹತ್ತಿ ಟವೆಲ್ ಒಂದು. ಇದು ಚೀಲದ ರಾಜ. ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದರೆ ಫ್ಯಾನ್ ಬೇಡ, ಧೂಳು ಎದ್ದಾಗ ಮೂಗಿಗೆ ಕಟ್ಟಬಹುದು, ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಕೈಗೆ ಬರುವುದೂ ಅದೇ.

ಬಟ್ಟೆ ಸಡಿಲವಾಗಿರಲಿ, ತುಂಬು ತೋಳಿನ ಹತ್ತಿಯದು. ಒಣಹುಲ್ಲಿನ ಬಣ್ಣ, ಮಾಸಲು ಹಸಿರು, ಕಂದು, ಇಂಥವು ಸಾಕು. ಅಪ್ಪಟ ಬಿಳಿ ಬಿಸಿಲಿಗೆ ಒಳ್ಳೆಯದೇ, ಆದರೆ ಕಾಡಿನಲ್ಲಿ ದೂರಕ್ಕೂ ಕಣ್ಣಿಗೆ ಹೊಡೆಯುತ್ತದೆ. ಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲಿ. ಸೆಂಟು ಹಾಕಬೇಡಿ, ಆನೆಯ ಮೂಗು ನಮ್ಮ ಮೂಗಲ್ಲ.

ತಿಂಡಿ ಚೀಲದಲ್ಲಿ ಬೇಡ. ಹೊಟ್ಟೆಯಲ್ಲಿರಲಿ.

ಹೆಜ್ಜೆ 4: ನೀರು ಕುಡಿಯುವ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆ ಸಫಾರಿಯಲ್ಲಿ ಮಂದಿ ಕುಸಿಯುವುದು ನೀರು ಸಿಗದೆ ಅಲ್ಲ. ಬಾಟಲಿ ಕೈಯಲ್ಲೇ ಇರುತ್ತದೆ. "ನಡುವೆ ಎಲ್ಲೂ ಇಳಿಸೋದಿಲ್ಲ, ಬಾತ್‌ರೂಮಿಗೆ ಬಂದರೆ ಏನು ಮಾಡೋದು?" ಅಂತ ಬೆಳಗ್ಗೆಯಿಂದ ಗಂಟಲು ಒದ್ದೆ ಮಾಡಿರುವುದಿಲ್ಲ. ಹೆಂಗಸರಂತೂ ಹಿಂದಿನ ರಾತ್ರಿಯಿಂದಲೇ ಲೆಕ್ಕ ಹಾಕಿರುತ್ತಾರೆ.

ನಮ್ಮ ಚಿಕ್ಕಪ್ಪನಿಗೆ ಆದದ್ದೂ ಇದೇ. ಮಧ್ಯಾಹ್ನ ಹೋಟೆಲಿನಲ್ಲಿ ಬಿರಿಯಾನಿ ಊಟ, ನೀರು ಎರಡು ಗುಟುಕು. ಮೂರು ಗಂಟೆಗೆ ಜೀಪು ಹತ್ತಿದರು. ನಾಲ್ಕೂಕಾಲಿಗೆ ನೋಡಿದರೆ ಮುಖ ಬಿಳಿಚಿಕೊಂಡಿದೆ, ಹಣೆಯಲ್ಲಿ ತಣ್ಣನೆ ಬೆವರು. "ಏನಾಯ್ತು ಚಿಕ್ಕಪ್ಪ?" ಅಂದರೆ "ಏನಿಲ್ಲ ಕಣೋ, ಹುಲಿ ಕಾಯ್ತಿದೀನಿ" ಅಂದರು. ಎರಡು ನಿಮಿಷಕ್ಕೆ ವಾಂತಿ. ಚಾಲಕ ಗಾಡಿ ತಿರುಗಿಸಿದರು. ಜೀಪಿನಲ್ಲಿದ್ದ ಬೇರೆ ಎರಡು ಸಂಸಾರಗಳ ಸಫಾರಿಯೂ ಅಲ್ಲಿಗೆ ಮುಗಿಯಿತು. ಅವರು ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಚಿಕ್ಕಪ್ಪ ಮಾತ್ರ ಇವತ್ತಿಗೂ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ.

ಅಂದಿನಿಂದ ನಮ್ಮ ಮನೆಯ ಕ್ರಮ ಹೀಗಿದೆ. ಸಫಾರಿಗೆ ಎರಡು ಗಂಟೆ ಮುಂಚೆ ಅರ್ಧ ಲೀಟರ್ ನೀರೋ ನೀರುಮಜ್ಜಿಗೆಯೋ ನಿಧಾನವಾಗಿ ಕುಡಿದು ಮುಗಿಸುವುದು. ಗಾಡಿ ಹತ್ತುವ ಮುಂಚೆ ಕಡ್ಡಾಯವಾಗಿ ಶೌಚಾಲಯ. ಒಳಗೆ ಹೋದ ಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು, ಬಾಯಾರಲಿ ಬಿಡಲಿ. ಹೀಗೆ ಕುಡಿದ ನೀರು ಬೆವರಾಗಿ ಹೋಗುತ್ತದೆ, ಭಯಪಡುವಂಥದ್ದು ಏನೂ ಆಗುವುದಿಲ್ಲ. ಒಂದೇ ಸಲ ಬಾಟಲಿ ಎತ್ತಿ ಗಟಗಟ ಕುಡಿದರೆ ಮಾತ್ರ ತೊಂದರೆ. ಊಟಕ್ಕೆ ಮೊಸರನ್ನ, ರಾಗಿ ಅಂಬಲಿ, ಸೌತೆಕಾಯಿ ಇಂಥದ್ದು ಸಾಕು. ಹಿಂದಿನ ರಾತ್ರಿ ಪಾರ್ಟಿ ಮಾಡಿದವರು ಬೆಳಗ್ಗೆ ಅರ್ಧ ಒಣಗಿಯೇ ಎದ್ದಿರುತ್ತಾರೆ, ಅವರ ಮೇಲೆ ಒಂದು ಕಣ್ಣಿಡಿ. ನೀರು ಹೊರಹಾಕುವ ಬಿಪಿ ಮಾತ್ರೆ ತಗೊಳ್ಳುವವರು ಹೊರಡುವ ಮುಂಚೆ ತಮ್ಮ ಡಾಕ್ಟರನ್ನು ಒಂದು ಮಾತು ಕೇಳಲಿ.

ಗುಂಡ್ಲುಪೇಟೆ ರಸ್ತೆಯಲ್ಲಿ ಎಳನೀರು, ಕಲ್ಲಂಗಡಿ ಧಾರಾಳ. ಅಲ್ಲೇ ತಿಂದು, ಬುರುಡೆ ಸಿಪ್ಪೆ ಅಲ್ಲೇ ಬಿಟ್ಟು ಬನ್ನಿ. ಕಾಡಿನೊಳಗೆ ತಗೊಂಡು ಹೋಗಬೇಡಿ. ಕಾರಣ ಮುಂದೆ ಬರುತ್ತದೆ.

ಹೆಜ್ಜೆ 5: ಬೆಂಕಿ

ಇಲ್ಲಿ ನನಗೆ ನಗು ಬರುವುದಿಲ್ಲ.

2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಐದಾರು ದಿನ ಉರಿಯಿತು. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಮೇಲಿನಿಂದ ನೀರು ಸುರಿದವು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರು ಕಪ್ಪಾಗಿ ನಿಂತದ್ದನ್ನು ಆಮೇಲೆ ಹೋದವರೆಲ್ಲ ನೋಡಿದ್ದಾರೆ. ಅದಕ್ಕೂ ಎರಡು ವರ್ಷ ಮುಂಚೆ, 2017ರಲ್ಲಿ, ಇದೇ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು.

ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ನಮ್ಮ ಕಡೆಯ ಕಾಡುಗಳಲ್ಲಿ ಬೇಸಿಗೆ ಬೆಂಕಿ ಹಚ್ಚುವುದು ಮನುಷ್ಯನ ಕೈ. ಕೆಲವು ಸಲ ಬೇಕೆಂದೇ, ಕೆಲವು ಸಲ ಅಜಾಗರೂಕತೆಯಿಂದ. ಹುಲ್ಲು ಕಾಗದದ ಹಾಗೆ ಒಣಗಿರುತ್ತದೆ, ಮೇಲೆ ಲಂಟಾನದ ಕಡ್ಡಿಗಳ ರಾಶಿ. ನೆಲದಲ್ಲಿ ಓಡುವ ಬೆಂಕಿಯನ್ನು ಈ ಲಂಟಾನ ಮರದ ಎತ್ತರಕ್ಕೆ ಎತ್ತಿಕೊಡುತ್ತದೆ.

ಹಾಗಾಗಿ ಬೀಡಿ ಸಿಗರೇಟು, ಬೆಂಕಿಪೊಟ್ಟಣ, ಲೈಟರ್ ರೂಮಿನಲ್ಲೇ ಬಿಡಿ. ಕಾರಿನ ಕಿಟಕಿಯಿಂದ ತುಂಡು ಬಿಸಾಡುವವರು ನಿಮ್ಮ ಕಾರಿನಲ್ಲೇ ಇದ್ದರೆ ಮುಲಾಜಿಲ್ಲದೆ ಹೇಳಿ. ರಸ್ತೆ ಬದಿ ಗ್ಯಾಸ್ ಸ್ಟವ್ ಇಟ್ಟು ಅಡುಗೆ ಮಾಡುವುದಂತೂ ಕಾಡಂಚಿನಲ್ಲಿ ಎಲ್ಲೂ ಬೇಡ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ದೂರದಿಂದ ಓಡಿಬಂದ ಕಾರಿನ ಅಡಿಯ ಹೊಗೆ ಕೊಳವೆ ಕೆಂಡದ ಹಾಗೆ ಕಾದಿರುತ್ತದೆ. ಆ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಹುಲ್ಲು ಹೊತ್ತಿಕೊಳ್ಳಬಹುದು. ಪಾರ್ಕಿಂಗ್ ಮಾಡುವಾಗ ಬರೀ ಮಣ್ಣಿರುವ ಜಾಗ ಹುಡುಕಿ.

ಎಲ್ಲಾದರೂ ಹೊಗೆ ಕಂಡರೆ ಫೋಟೊ ಆಮೇಲೆ. ಹತ್ತಿರದ ಚೆಕ್‌ಪೋಸ್ಟಿಗೆ ಹೇಳಿ, ಅದು ದೂರವಿದ್ದರೆ 112ಕ್ಕೆ ಫೋನ್ ಮಾಡಿ. ಮೈಲಿಗಲ್ಲಿನ ನಂಬರು, ಹೊಗೆ ರಸ್ತೆಯ ಎಡಕ್ಕೋ ಬಲಕ್ಕೋ, ಅಷ್ಟು ಹೇಳಿದರೆ ಸಾಕು. ನೀವೇ ಆರಿಸಲು ಇಳಿಯಬೇಡಿ. ಅಂದಹಾಗೆ ರಸ್ತೆಯ ಎರಡೂ ಬದಿ ಉದ್ದಕ್ಕೂ ಸುಟ್ಟ ಪಟ್ಟಿ ಕಂಡರೆ ಗಾಬರಿ ಬೇಡ. ಅದು ಬೆಂಕಿ ರೇಖೆ. ಬೆಂಕಿ ದಾಟದಿರಲಿ ಅಂತ ಬೇಸಿಗೆಗೆ ಮುಂಚೆಯೇ ಇಲಾಖೆಯವರು ಸುಟ್ಟು ತೆರವು ಮಾಡಿದ ಜಾಗ. ಆ ಬಿಸಿಲಿನಲ್ಲಿ ಅದನ್ನು ಕಾಯುವ ಫೈರ್ ವಾಚರ್‌ಗಳಲ್ಲಿ ಬಹಳ ಮಂದಿ ಸುತ್ತಲಿನ ಆದಿವಾಸಿ ಹಾಡಿಗಳವರು. ದಾರಿಯಲ್ಲಿ ಕಂಡರೆ ಒಂದು ನಮಸ್ಕಾರ ಹಾಕಿ.

ಹೆಜ್ಜೆ 6: ಗಾಡಿ ಹತ್ತುವ ಮುಂಚೆ ಚಾಲಕರ ಜೊತೆ ಒಂದು ಮಾತು

ಬಹಳ ಸಲ ಚಾಲಕ ಗಾಡಿ ಮುಂದೆ ನುಗ್ಗಿಸುವುದು ನಮ್ಮ ಒತ್ತಾಯಕ್ಕೆ. "ಹುಲಿ ತೋರಿಸಿದರೆ ಐನೂರು" ಅಂತ ಹಿಂದಿನ ಸೀಟಿನಿಂದ ಯಾರೋ ಅಂದಿರುತ್ತಾರೆ. ಅದಾದ ಮೇಲೆ ಆ ಮನುಷ್ಯ ಏನು ಮಾಡಬೇಕು?

ನಾನು ಹತ್ತುವಾಗಲೇ ಹೇಳಿಬಿಡುತ್ತೇನೆ: "ಅಣ್ಣಾ, ನಮಗೆ ಹತ್ತಿರ ಹೋಗಲೇಬೇಕು ಅಂತಿಲ್ಲ. ನೀರಿನ ಹತ್ತಿರ ದೂರದಲ್ಲೇ ನಿಲ್ಲಿಸಿ, ಸ್ವಲ್ಪ ಹೊತ್ತು ಕಾಯೋಣ." ಇದನ್ನು ಕೇಳಿ ಮುಖ ಸಡಿಲವಾದ ಚಾಲಕರೇ ಜಾಸ್ತಿ. ಒಬ್ಬರಂತೂ "ಹಂಗಾದ್ರೆ ಇವತ್ತು ನಾನೂ ಕಾಡು ನೋಡ್ತೀನಿ ಸಾರ್" ಅಂದಿದ್ದರು. ದುಡ್ಡು ಕೊಡುವ ಮನಸ್ಸಿದ್ದರೆ ಹುಲಿ ಕಂಡರೂ ಕಾಣದಿದ್ದರೂ ಅಷ್ಟೇ ಕೊಡಿ. ಮಾತನ್ನು ಹೊರಡುವ ಮುಂಚೆ ಆಡಬೇಡಿ, ಇಳಿದ ಮೇಲೆ ಸುಮ್ನೆ ಕೈಗಿಡಿ.

ಫೋನು ಚೀಲದೊಳಗೆ. ಹುಲಿ ಮೀಸಲು ಕಾಡುಗಳ ಒಳಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸುವಂತಿಲ್ಲ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹೆಜ್ಜೆ 7: ನೀರಿನ ಹತ್ತಿರ

ಇಡೀ ಪ್ರವಾಸದಲ್ಲಿ ಮುಖ್ಯವಾದ ಅರ್ಧ ಗಂಟೆ ಇದು.

ಮೊದಲು ಎದುರಿಗಿರುವವರ ಕಷ್ಟ ತಿಳಿದುಕೊಳ್ಳಿ. ಬೆಳೆದ ಆನೆಗೆ ದಿನಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ಬೇಕು. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಿಸಿ ಹೊರಹಾಕಲು ಇರುವುದು ಕಿವಿ, ನೀರು, ಕೆಸರು, ಮೈಮೇಲೆ ಎರಚಿಕೊಳ್ಳುವ ಮಣ್ಣು. ಮರಿಗಳ ಪಾಡು ಇನ್ನೂ ಕಷ್ಟ. ಎಳೆ ಮರಿಗೆ ಸೊಂಡಿಲಿನಲ್ಲಿ ನೀರೆತ್ತಲು ಬರುವುದಿಲ್ಲ, ದಡದಲ್ಲಿ ಮಂಡಿಯೂರಿ ಬಾಯಿ ಹಾಕಿಯೇ ಕುಡಿಯಬೇಕು. ಅದಕ್ಕೆ ಹೊತ್ತು ಬೇಕು, ನಿರಾಳ ಬೇಕು. ತಾಯಿಗೆ ಧೈರ್ಯ ಬರುವವರೆಗೆ ಮರಿ ಪೊದೆಯಿಂದ ಈಚೆ ಬರುವುದಿಲ್ಲ. ನಮ್ಮ ಗಾಡಿ ನಿಲ್ಲುವ ಜಾಗವೇ ಅದನ್ನು ತೀರ್ಮಾನ ಮಾಡುತ್ತದೆ.

ಕೆರೆಗೆ ಬರುವ ಕಾಲುದಾರಿ ಎಲ್ಲಿದೆ ನೋಡಿ. ಹುಲ್ಲು ತುಳಿದು ಸವೆದ ಗೆರೆ, ಲದ್ದಿ, ಕೆಸರು ಉಜ್ಜಿದ ಮರ, ಇಷ್ಟು ಕಂಡರೆ ಅದೇ ದಾರಿ. ಗಾಡಿ ಆ ದಾರಿಗೂ ನೀರಿಗೂ ನಡುವೆ ಇರಬಾರದು. ಬೇರೆ ಎರಡು ಗಾಡಿ ಆಗಲೇ ನಿಂತಿದ್ದರೆ ನೀವು ಮುಂದಕ್ಕೆ ಹೋಗಿ. ಈ ಮಾತು ನುಂಗುವುದು ಕಷ್ಟ, ಗೊತ್ತು. ಮುಂದಿನ ಗುಂಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಸೋಲಾರ್ ಪಂಪು ಹಾಕಿ ಬೋರ್‌ವೆಲ್ ನೀರು ತುಂಬುವ ಗುಂಡಿಗಳು ಈಗ ಕಾಡಿನೊಳಗೆ ಅಲ್ಲಲ್ಲಿ ಇವೆ.

ಎಂಜಿನ್ ನಿಲ್ಲಿಸಿ. ನಿಲ್ಲಿಸಿದ ಮೊದಲ ನಿಮಿಷ ಬಿಸಿ ಉಕ್ಕಿ ಬರುತ್ತದೆ, ಗಾಳಿ ನಿಂತುಹೋಗುತ್ತದೆ, ಮಕ್ಕಳು "ಹೋಗೋಣ" ಅನ್ನುತ್ತಾರೆ. ಇಲ್ಲೇ ಒದ್ದೆ ಟವೆಲ್ ಬೇಕಾಗುವುದು. ಹತ್ತು ನಿಮಿಷ ಕಳೆಯಲಿ. ಕಾಡಿನ ಸದ್ದು ಒಂದೊಂದೇ ವಾಪಸ್ ಬರುತ್ತದೆ. ಮೊದಲು ಹಕ್ಕಿ. ಕೊಕ್ಕು ತೆರೆದು ಗಂಟಲು ಅದುರಿಸುತ್ತಾ ಕೂತಿದ್ದರೆ ಅದು ಸೆಕೆ ಹೊರಹಾಕುತ್ತಿದೆ ಅಂತ ಅರ್ಥ, ಹಾಡುತ್ತಿಲ್ಲ. ಆಮೇಲೆ ಜಿಂಕೆ, ಒಂದು ಕಾಲೆತ್ತಿ ನಿಂತು ಯೋಚಿಸುತ್ತಾ ಬರುತ್ತದೆ. ಕಾಟಿ, ಅಂದರೆ ಕಾಡುಕೋಣ, ಬಂದರೆ ಯೋಚನೆ ಗೀಚನೆ ಇಲ್ಲ, ನೇರ ನೀರಿಗೆ. ಹುಲಿ ಬರುವ ಭಾಗ್ಯ ಇದ್ದರೆ ಅದು ನೀರಿಗೆ ಹಿಮ್ಮುಖವಾಗಿ ಇಳಿದು, ಬೆನ್ನಿನ ಭಾಗ ಮುಳುಗಿಸಿ, ಮುಖ ಒಣಗಿಸಿಟ್ಟುಕೊಂಡು ಕೂರುವುದನ್ನು ನೋಡಬಹುದು. ಸ್ನಾನಕ್ಕೆ ಹೆದರುವ ಮಗುವಿನ ಥರ ಇಳಿಯುತ್ತದೆ.

ಆನೆಯ ಕಿವಿ ಓದಲು ಕಲಿತುಕೊಳ್ಳಿ. ಕಿವಿ ನಿಧಾನವಾಗಿ, ಒಂದೇ ತಾಳದಲ್ಲಿ ಬೀಸುತ್ತಿದ್ದರೆ ಅದು ಬೀಸಣಿಗೆ. ಬಾಲವೂ ಸಡಿಲವಾಗಿ ಆಡುತ್ತಿರುತ್ತದೆ. ಕಿವಿ ಅಗಲಿಸಿ ಹಾಗೇ ನಿಲ್ಲಿಸಿತು, ತಲೆ ಎತ್ತಿತು, ಬಾಲ ಬಿಗಿಯಾಯಿತು, ಮುಂಗಾಲು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಆಡಿಸತೊಡಗಿತು ಅಂದರೆ ನಾವು ಜಾಸ್ತಿಯಾದೆವು. ಕಿರುಚದೆ, ಎದ್ದು ನಿಲ್ಲದೆ, ಚಾಲಕರು ಗಾಡಿ ಹಿಂದಕ್ಕೆ ತೆಗೆಯಲು ಬಿಡಿ. ಅದು ಕೂಗಿ ಓಡಿಬರುವವರೆಗೆ ಕಾಯುವುದು ಯಾಕೆ?

ಅದು ನೀರು ಕುಡಿಯುತ್ತಿರುವಾಗ ಗಾಡಿ ಸ್ಟಾರ್ಟ್ ಮಾಡಬೇಡಿ. ಕುಡಿದು ಮುಗಿಸಿ ಅದೇ ಹೊರಡಲಿ. ಇದೊಂದು ನಿಯಮ ಇಟ್ಟುಕೊಂಡ ಮೇಲೆ ನನ್ನ ಒಂದು ಸಂಜೆಯ ಲೆಕ್ಕ ಹೇಳುತ್ತೇನೆ: ಒಂದೇ ಕೆರೆ, ನಲವತ್ತು ನಿಮಿಷ, ಹನ್ನೊಂದು ಆನೆ. ಅದರಲ್ಲಿ ಒಂದು ಮರಿ ಕೆಸರಿನಲ್ಲಿ ಜಾರಿ ಕೂತು ಎದ್ದೇಳಲು ಒಪ್ಪದೆ ತಾಯಿಯಿಂದ ಬಾಲದ ಕಡೆಗೊಂದು ತಳ್ಳಿಸಿಕೊಂಡಿತು. ಬೇರೆ ಏನೂ ಕಾಣಲಿಲ್ಲ. ಬೇರೆ ಏನೂ ಬೇಕು ಅನ್ನಿಸಲೂ ಇಲ್ಲ.

ಗುಂಪಾಗಿ ಆನೆಗಳನ್ನು ನೋಡುವುದೇ ಆಸೆಯಾದರೆ ಕಬಿನಿ ಹಿನ್ನೀರಿನ ಕಡೆ ಹೋಗಿ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದ ಜಾಗದಲ್ಲಿ ಹಸಿರು ಹುಲ್ಲು ಬರುತ್ತದೆ, ಬಂಡೀಪುರ ನಾಗರಹೊಳೆ ಎರಡೂ ಕಡೆಯ ಹಿಂಡುಗಳು ಅಲ್ಲಿ ಸೇರುತ್ತವೆ. ಬಯಲು ದೊಡ್ಡದು, ದೂರದಿಂದಲೇ ಕಣ್ತುಂಬ ಕಾಣುತ್ತದೆ. ಬೈನಾಕ್ಯುಲರ್ ಮರೆಯಬೇಡಿ.

ಹೆಜ್ಜೆ 8: ಪಾಪ ಅನ್ನಿಸಿದಾಗ

ರಸ್ತೆ ಬದಿ ಕೋತಿಯೊಂದು ಮರಿ ಅಪ್ಪಿಕೊಂಡು ಕೂತಿರುತ್ತದೆ. ಬಿಸಿಲು. ನಮ್ಮ ಕೈಯಲ್ಲಿ ತಣ್ಣನೆ ನೀರು, ಕಲ್ಲಂಗಡಿ. ಕೊಡದೆ ಹೋಗುವುದು ಹೇಗೆ? ಬಾಯಾರಿದವರಿಗೆ ನೀರು ಕೊಡು ಅಂತಲೇ ನಮ್ಮನ್ನು ಬೆಳೆಸಿದ್ದು, ಅಲ್ವಾ?

ಆದರೂ ಕೊಡಬೇಡಿ. ಕೊಟ್ಟ ಮರುದಿನ ಅದು ಕಾಡಿನೊಳಗಿನ ನೀರಿಗೆ ಹೋಗುವುದಿಲ್ಲ, ರಸ್ತೆಗೇ ಬರುತ್ತದೆ. ಮರಿಯೂ ಅದನ್ನೇ ಕಲಿಯುತ್ತದೆ. ಗಂಟೆಗೆ ಎಂಬತ್ತರಲ್ಲಿ ಬರುವ ಲಾರಿಗೆ ಅದರ ಲೆಕ್ಕ ಗೊತ್ತಿಲ್ಲ. ಬಿಸಾಡಿದ ಸಿಪ್ಪೆಗೆ ಜಿಂಕೆ ಬರುತ್ತದೆ, ಜಿಂಕೆಯ ಹಿಂದೆ ಬರುವವರು ಬೇರೆ. ಸಿಪ್ಪೆ ಜೊತೆ ಪ್ಲಾಸ್ಟಿಕ್ ಕವರ್ ಹೋದರೆ ಅದೂ ಯಾವುದೋ ಹೊಟ್ಟೆ ಸೇರುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿಗಳನ್ನು ಕೆಣಕುವುದು, ಕಸ ಹಾಕುವುದು, ಬೆಂಕಿ ಹಚ್ಚುವುದು ಮೂರೂ ಅಪರಾಧ. ದಾನ ಮಾಡಲೇಬೇಕು ಅನ್ನಿಸಿದರೆ ಮನೆ ತಾರಸಿಯ ಮೇಲೆ ಹಕ್ಕಿಗಳಿಗೆ ಒಂದು ಮಣ್ಣಿನ ಬಟ್ಟಲು ನೀರಿಡಿ.

ಹೆಜ್ಜೆ 9: ಯಾರಿಗಾದರೂ ಬಿಸಿಲು ಬಡಿದರೆ

ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ಜೋರು ಬೆವರು. ಇದು ಮೊದಲ ಹಂತ. ಚಾಲಕರಿಗೆ ತಕ್ಷಣ ಹೇಳಿ, ಸಂಕೋಚ ಬೇಡ. ಗಾಡಿಯಿಂದ ಇಳಿಸುವಂತಿಲ್ಲವಾದ್ದರಿಂದ ನೆರಳಿನ ಬದಿಗೆ ಕೂರಿಸಿ, ಬಟ್ಟೆ ಸಡಿಲ ಮಾಡಿ, ಕುತ್ತಿಗೆ ಮುಖಕ್ಕೆ ಒದ್ದೆ ಟವೆಲ್ ಹಾಕಿ ಗಾಳಿ ಬೀಸಿ. ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಇಲ್ಲವೆ? ಹೊರಡುವ ಮುಂಚೆ ರೂಮಿನಲ್ಲೇ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿಟ್ಟುಕೊಳ್ಳಿ. ಉಪ್ಪು ಜಾಸ್ತಿ ಆಗಬಾರದು.

ಮಾತು ತಡವರಿಸಿದರೆ, ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ, ಮೈ ಬೆಂಕಿಯಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪಿದರೆ, ಅದು ಹೀಟ್ ಸ್ಟ್ರೋಕ್. ಬೆವರು ಇದೆಯೋ ಇಲ್ಲವೋ ನೋಡುತ್ತಾ ಕೂರಬೇಡಿ. ಪ್ರಾಣಕ್ಕೇ ಬರುತ್ತದೆ. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಿ, ಕಂಕುಳು, ಕುತ್ತಿಗೆ, ತೊಡೆಸಂದಿಗೆ ತಣ್ಣನೆಯದ್ದು ಒತ್ತಿ. ಗೇಟಿಗೆ ಬಂದ ಕೂಡಲೇ 108. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಮಕ್ಕಳನ್ನಾಗಲಿ, ವಯಸ್ಸಾದವರನ್ನಾಗಲಿ "ಟಿಕೆಟ್ ತಗೊಂಡು ಬರ್ತೀನಿ" ಅಂತ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಐದು ನಿಮಿಷಕ್ಕೂ ಬೇಡ.

ಹೆಜ್ಜೆ 10: ವಾಪಸ್ ದಾರಿ

ಸಫಾರಿ ಮುಗಿಯಿತು ಅಂದರೆ ಕಾಡು ಮುಗಿಯಲಿಲ್ಲ. ಹೆದ್ದಾರಿ ಕಾಡಿನ ನಡುವೆಯೇ ಹೋಗುತ್ತದೆ, ಮುಸ್ಸಂಜೆಯಲ್ಲಿ ಹಿಂಡುಗಳು ನೀರಿಗೆಂದು ಅದನ್ನೇ ದಾಟುತ್ತವೆ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಲೈಟ್ ಡಿಮ್ ಮಾಡಿ, ಕಿಟಕಿ ಏರಿಸಿ. ಕೊನೆಯದು ದಾಟಿತು ಅಂತ ಅನ್ನಿಸಿದ ಮೇಲೂ ಒಂದೆರಡು ನಿಮಿಷ ಕಾಯಿರಿ, ಹಿಂದೆ ಬೀಳುವ ಮರಿಯೊಂದು ಯಾವಾಗಲೂ ಇರುತ್ತದೆ. ಇಳಿಯುವುದಂತೂ ಇಲ್ಲವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಇಳಿದು ಆನೆಯ ಜೊತೆ ಫೋಟೊ ತೆಗೆಸಿಕೊಳ್ಳಲು ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಹೇಗೋ ಬದುಕಿದರು. ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಊಟಿ ಕಡೆಯಿಂದಲೋ ಸುಲ್ತಾನ್ ಬತ್ತೇರಿ ಕಡೆಯಿಂದಲೋ ಬರುವವರು ಗಡಿಯಾರ ನೋಡಿಕೊಳ್ಳಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆಗಳು ಬಂದ್. 2009ರಿಂದಲೂ ಇದೇ ಕ್ರಮ. ಎಂಟೂಮುಕ್ಕಾಲಿಗೆ ಗೇಟು ಹೊಕ್ಕು ಕಾಡಿನೊಳಗೆ ನೂರರ ವೇಗದಲ್ಲಿ ಓಡಿಸುವುದಕ್ಕಿಂತ ಆಚೆಯೇ ಒಂದು ರೂಮು ಹಿಡಿಯುವುದು ವಾಸಿ.

ತೆಗೆದ ಫೋಟೊಗಳನ್ನು ಅಂದೇ, "ಇದೇ ಕೆರೆ, ಇದೇ ಹೊತ್ತು" ಅಂತ ಬರೆದು ಹಾಕಬೇಡಿ. ನಾಳೆ ಬೆಳಗ್ಗೆ ಎಲ್ಲ ಜೀಪುಗಳೂ ಅಲ್ಲೇ ಇರುತ್ತವೆ. ಮಳೆ ಬಂದ ಮೇಲೆ ಹಾಕಿ. ನಾನು ಆ ಹನ್ನೊಂದು ಆನೆಗಳ ಫೋಟೊ ಮನೆಯವರಿಗೆ ತೋರಿಸಿದ್ದು ಜೂನ್‌ನಲ್ಲಿ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಬರೋ ವರ್ಷ ಬೆಳಗಿನ ಸುತ್ತಿಗೇ ಹೇಳಪ್ಪ. ನೀರು ನಾನೇ ತರ್ತೀನಿ" ಅಂದರು.